ನನ್ನ ತಾಟಿನ ಪಲ್ಯ

ಕಾರ್ಖಾನೆಗಳಲ್ಲಿ ದುಡಿಯುವವರ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮದೊಂದು ವ್ಯಾನು ಇದೆ. ಅದರ ಹಿಂಭಾಗದಲ್ಲಿ, ಹೊರಗಿನ ಸದ್ದು ಬರದಂತೆ ಗೋಡೆಗೆ ದಪ್ಪ ಸ್ಪಂಜು ಹೊದಿಸಿದ ಚಿಕ್ಕ ಕೋಣೆ. ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದಾಗ ಅವರು ಬೆರಳೆತ್ತಬೇಕು. ವಾಡಿ, ಸೇಡಂ, ಕೋಡ್ಲಾ, ಆದಿತ್ಯನಗರ, ಒಮ್ಮೊಮ್ಮೆ ಚಿಂಚೋಳಿಯವರೆಗೂ ತಿರುಗಾಟ. ಮನೆ ಶಹಾಬಾದಿನಲ್ಲಿ, ನಾನು ಮತ್ತು ನನ್ನ ಗಂಡ ಇಬ್ಬರೇ. ಇಂಥ ಕೆಲಸ ಮಾಡುತ್ತ ಮಾಡುತ್ತ ನನ್ನ ಕಿವಿಯೂ ಸೂಕ್ಷ್ಮವಾಗಿಬಿಟ್ಟಿದೆ. ಸದ್ದು ಶುರುವಾದದ್ದಕ್ಕಿಂತ ನಿಂತದ್ದು ನನಗೆ ಬೇಗ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಊರಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಸಕ್ಕರಿ ಹೊಸ್ತಿಲಿಗಿ ಬಂದು ನಿಂತದ ನೋಡ್ರಿ. ಒಳಗ ಬರೂದಕ್ಕ ಮುಂಚೆ ತೂಕ ಇಳಸ್ರಿ," ಎಂದರು. ನಾನು ಹುಟ್ಟಿನಿಂದಲೂ ದಪ್ಪ. ಅದುವರೆಗೆ ಯಾರು ಏನೆಂದರೂ ತಲೆ ಕೆಡಿಸಿಕೊಂಡವಳಲ್ಲ. ಆ ಸಲ ಮಾತ್ರ ಹೆದರಿಕೆ ಆಯಿತು. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟೆ. ಮನೆಯಲ್ಲಿ ಅನ್ನ ಬಿಟ್ಟೆ, ರಾತ್ರಿ ಬರೀ ತೊಗರಿಬೇಳೆಯ ಕಟ್ಟು ಕುಡಿದು ಮಲಗತೊಡಗಿದೆ.

ಉಳಿದದ್ದು ಮಧ್ಯಾಹ್ನದ ಊಟ. ಅದೇ ವಾರ ನಮ್ಮ ವ್ಯಾನಿನ ಡ್ರೈವರ್ ಚಾಚಾ ಚಿತ್ತಾಪುರದಲ್ಲಿ ಒಂದು ಖಾನಾವಳಿ ತೋರಿಸಿದರು. ಕಾಳಗಿಯ ರಸ್ತೆಗೆ ತಿರುಗುವಲ್ಲಿ, ಬೋರ್ಡಿಲ್ಲದ ಮನೆ. ಮುಂದಿನ ಪಡಸಾಲೆಯಲ್ಲಿ ನಾಲ್ಕು ಟೇಬಲ್. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ತಾಟು ದಾಟಿಸಲಿಕ್ಕೆ ಒಂದು ಕಿಂಡಿ. ಒಳಗೆ ಮುದುಕಿ ಅಡುಗೆ ಮಾಡುತ್ತಿದ್ದರು, ಹೊರಗೆ ಅವರ ಗಂಡ ಬಡಿಸುತ್ತಿದ್ದರು. ಇಬ್ಬರೇ.

ನಾನು ಕುಳಿತ ಸ್ವಲ್ಪ ಹೊತ್ತಿಗೆ ಒಳಗಿನ ರೊಟ್ಟಿ ತಟ್ಟುವ ಸದ್ದು ನಿಂತಿತು. ಮುದುಕಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನನ್ನು ನೋಡುತ್ತ ನಿಂತರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂಗೈ ಹಿಡಿದು, ಬಳೆಯ ಕೆಳಗೆ ಹೆಬ್ಬೆರಳು ತೂರಿಸಿ ನೋಡಿದರು. ಬೆರಳು ಹೋಗಲಿಲ್ಲ. ಅವರ ಮುಖ ಅರಳಿತು.

"ಎಷ್ಟು ಚಂದ ಇದ್ದಿ ತಾಯಿ. ಹಿಂಗೇ ಇರು," ಎಂದರು.

ಡಾಕ್ಟರು ಹೆದರಿಸಿದ ವಾರವದು. ನನ್ನ ಮೈಯನ್ನು ಒಬ್ಬರು ಹೊಗಳಿದರೆಂದು ಕಣ್ಣು ತುಂಬಿತು. ಅಲ್ಲಿಂದ ಮುಂದೆ ಆ ದಾರಿಯಲ್ಲಿ ಹೋದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ದಿನವೂ, ಅಲ್ಲೇ ಊಟ. ನನಗೆ ಗೋಡೆ ಬದಿಯ ಮೂಲೆಯ ಜಾಗ ಖಾಯಂ ಆಯಿತು. ತಾಟೂ ಖಾಯಂ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಯಾರೋ ಹೆಂಗಸಿನ ಹೆಸರು ಕೊರೆದಿದ್ದ ಸ್ಟೀಲಿನ ತಾಟು. ನಮ್ಮ ಕಡೆ ಎಲ್ಲರ ಮನೆಯ ಪಾತ್ರೆಗಳ ಮೇಲೂ ಹೆಸರಿರುತ್ತದೆ. ನಾನು ಆ ಬಗ್ಗೆ ಯೋಚಿಸಲಿಲ್ಲ.

ಎರಡನೆಯ ವಾರವೇ ಅಜ್ಜನಿಗೆ ಹೇಳಿದೆ, "ನನಗ ಅನ್ನ ಬ್ಯಾಡ್ರಿ ಅಜ್ಜಾರ. ಒಂದೇ ರೊಟ್ಟಿ, ಪಲ್ಯ, ಮಜ್ಜಿಗಿ ಸಾಕು."

ಕಿಂಡಿಯ ಆಚೆ ಮುದುಕಿಯ ಬಳೆಗಳ ಸದ್ದು ಥಟ್ಟನೆ ನಿಂತಿತು. ನಾನು ಉಂಡು ಮುಗಿಸುವವರೆಗೂ ಮತ್ತೆ ಕೇಳಿಸಲಿಲ್ಲ. ಮುಂದಿನ ದಿನಗಳಲ್ಲಿ ಗಮನಿಸತೊಡಗಿದೆ. ನಾನು ತುತ್ತು ಎತ್ತಿದರೆ ಒಳಗೆ ಬಳೆ ಸದ್ದಾಗುತ್ತಿತ್ತು. ನೀರು ಕುಡಿಯಲೆಂದು ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಒಮ್ಮೆ ಬೇಕೆಂದೇ ತುತ್ತನ್ನು ಬಾಯಿಯ ಹತ್ತಿರ ಒಯ್ದು ಹಾಗೇ ಹಿಡಿದು ಕುಳಿತೆ. ಇಡೀ ಮನೆ ಉಸಿರು ಹಿಡಿದಂತಾಯಿತು. ಹೊರಗೆ ಲಾರಿ ಹೋದದ್ದು ಮಾತ್ರ ಕೇಳಿಸಿತು. ತುತ್ತು ಬಾಯಿಗೆ ಹಾಕಿಕೊಂಡೆ, ಒಳಗೆ ಬಳೆ ಅಲ್ಲಾಡಿತು.

ಒಂದು ದಿನ ಅವರು ಹಳೆಯ ಕುಪ್ಪಸವೊಂದನ್ನು ತಂದು ನನ್ನ ಹೆಗಲಿಗೆ ಹಿಡಿದು ನೋಡಿ, "ಒಯ್ಯಿ, ಮನಿಯಾಗ ಹಾಕ್ಕೊಂಡು ನೋಡು," ಎಂದರು. ಡಾಂಬರ ಗುಳಿಗೆಯ ವಾಸನೆ ಬರುತ್ತಿತ್ತು. ಬೇಡವೆಂದರೆ ನೊಂದುಕೊಂಡಾರೆಂದು ತಂದೆ. ಮನೆಯಲ್ಲಿ ತೊಟ್ಟರೆ ತೋಳಿನಲ್ಲಿ, ಬೆನ್ನಿನಲ್ಲಿ ಸಡಿಲ. ನನಗೂ ಸಡಿಲವಾಗುವ ಕುಪ್ಪಸ ಲೋಕದಲ್ಲಿದೆಯಲ್ಲ ಎಂದು ಖುಷಿಯೇ ಆಯಿತು. ಮಡಿಚಿಟ್ಟೆ.

ತೂಕ ಇಳಿಯಲಿಲ್ಲ. ಮೊದಲ ತಿಂಗಳು ಇದ್ದಲ್ಲೇ ಇತ್ತು, ಮುಂದಿನ ತಿಂಗಳು ಏರಿತು. ಡಾಕ್ಟರು ನಂಬಲಿಲ್ಲ. "ಖರೇ ಹೇಳ್ರಿ, ಏನ್ ತಿನ್ಲಿಕತ್ತೀರಿ?" ಎಂದರು.

"ಒಂದ್ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗಿ. ದೇವರಾಣಿ ಅಷ್ಟೇರಿ."

"ಮನಿಯಾಗೋ, ಹೊರಗೋ?"

"ಖಾನಾವಳಿಯಾಗ."

"ಹಂಗಂದ್ರ ನಿಮಗ ಗೊತ್ತಿಲ್ಲ," ಎಂದರು ಅವರು. "ಮನಿ ಪಲ್ಯಾನೂ ಪಲ್ಯಾನೇ, ಹೋಟೆಲ್ ಪಲ್ಯಾನೂ ಪಲ್ಯಾನೇ. ಹೆಸರು ಒಂದೇ, ಒಳಗಿಂದು ಬ್ಯಾರೆ. ರೊಟ್ಟಿ ಎಣಸ್ತೀರಿ, ಎಣ್ಣಿ ಯಾರ್ ಎಣಸಬೇಕು?"

ನನಗೆ ಸಿಟ್ಟು ಬಂತು. ಆ ಮುದುಕಿಯ ಕೈಯಡುಗೆಯನ್ನು ಹೋಟೆಲಿನ ಸಾಲಿಗೆ ಸೇರಿಸಿದರಲ್ಲ ಎಂದು. ಮನೆಗೆ ಬಂದವಳು ಏನೋ ನೆನಪಾಗಿ ಆ ಕುಪ್ಪಸ ತೆಗೆದು ತೊಟ್ಟೆ. ತೋಳು, ಬೆನ್ನು, ಕಂಕುಳು ಎಲ್ಲವೂ ನನ್ನ ಅಳತೆಗೇ ಹೊಲಿಸಿದಂತೆ ಕೂತಿತು. ಕನ್ನಡಿಯ ಮುಂದೆ ನಿಂತವಳು ಬೇಗಬೇಗ ಗುಂಡಿ ಬಿಚ್ಚಿದೆ. ಯಾರದೋ ಅಳತೆಗೆ ನಾನು ಬಂದು ಮುಟ್ಟಿದ್ದೆ.

ಅದಾದ ಕೆಲವೇ ದಿನಕ್ಕೆ, ಊಟಕ್ಕೆ ಕುಳಿತಾಗಲೇ ವಾಡಿಯಿಂದ ಕರೆ ಬಂದು ಅರ್ಧಕ್ಕೇ ಏಳಬೇಕಾಯಿತು. ಉಳಿದ ಪಲ್ಯವನ್ನು ಡಬ್ಬಿಗೆ ಹಾಕಿಸಿಕೊಂಡೆ. ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಮರೆತೆ. ಮರುದಿನ ಮುಚ್ಚಳ ತೆಗೆದರೆ ಪಲ್ಯವೇ ಕಾಣಲಿಲ್ಲ. ಮೇಲೆ ರೊಟ್ಟಿಯಷ್ಟು ದಪ್ಪದ ಬಿಳಿಯ ಪದರ. ಚಮಚ ಒತ್ತಿದರೆ ಸೀಳು ಬಿಟ್ಟಿತು. ಮೂಸಿ ನೋಡಿದೆ. ಪುಂಡಿಸೊಪ್ಪಿನ ಹುಳಿಯಲ್ಲಿ ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ತುಪ್ಪ.

ಮುಂದಿನ ಸಲ ಹೋದಾಗ ಚಾಚಾರ ಎದುರಿಗೇ ಕುಳಿತು ಅವರ ತಾಟಿನ ಪಲ್ಯಕ್ಕೆ ಬೆರಳು ಅದ್ದಿದೆ. ಹೋಟೆಲುಗಳಲ್ಲಿ ಇರುವಷ್ಟು ಎಣ್ಣೆ ಅದರಲ್ಲೂ ಇತ್ತು. ಆಮೇಲೆ ನನ್ನದಕ್ಕೆ ಅದ್ದಿದೆ. ಬೆರಳು ಮಂದವಾಗಿ ಜಿಡ್ಡಾಯಿತು. ರೊಟ್ಟಿಯ ಪದರ ಬಿಡಿಸಿದರೆ ಒಳಗೆಲ್ಲ ಒದ್ದೆ.

ಚಾಚಾ ನೋಡುತ್ತಿದ್ದವರು ಮೆಲ್ಲಗೆ, "ಮೇಡಂ, ನಿಮ್ಮ ಪಲ್ಯ ಬ್ಯಾರೆ ಬೋಗುಣಿಯಾಗಿಂದ ಬರ್ತದ. ನಾ ದಿನಾ ಕಿಂಡಿಯಾಗ ನೋಡ್ತೀನಿ. ನಿಮಗ ಗೊತ್ತದ ಅಂದ್ಕೊಂಡಿದ್ದೆ," ಎಂದರು.

ಒಳಗೆ ಬಳೆಯ ಸದ್ದು ಆಗಲೇ ನಿಂತುಹೋಗಿತ್ತು.

ಮರುದಿನ ಮಡಿಚಿದ ಕುಪ್ಪಸ ಹಿಡಿದು ಒಬ್ಬಳೇ ಹೋದೆ. ಅಜ್ಜ ಅದನ್ನು ಕಂಡೊಡನೆ ಎದ್ದು ನಿಂತರು. ನನ್ನನ್ನು ಕೇಳದೆಯೇ ಕೈಯಿಂದ ತೆಗೆದುಕೊಂಡು, ಕಟ್ಟೆಯ ಮೇಲೆ ಕೂರಿಸಿ ಹೇಳಿದರು.

"ನಮ್ಮ ಮಗಳದು ತಾಯಿ. ತಾಟೂ ಅಕೀದೇ. ನಿಮ್ಮಂಗೇ ಇದ್ಲು, ಮೈಕೈ ತುಂಬ್ಕೊಂಡು. ಹೊಟ್ಟಿ ರೋಗ ಬಂತು. ಮೊದಲಿಗಿ ಅನ್ನ ಬ್ಯಾಡ ಅಂದ್ಲು. ಆಮ್ಯಾಲ ಒಂದೇ ರೊಟ್ಟಿ ಸಾಕು ಅಂದ್ಲು. ನೋಡ್ತಾ ನೋಡ್ತಾ ಒಣಗಿ ಹೋದ್ಲು. ಕಡೀಕ ಬಳಿ ತಾವೇ ಜಾರಿ ಬೀಳ್ತಿದ್ವು. ಉಳೀಲಿಲ್ಲ. ನೀವೂ ಅವೇ ಮಾತು ಅಂದ್ರಲ್ಲ, ಅವತ್ತು ಈಕಿ ಒಲಿ ಮುಂದ ಕುಂತು 'ಮತ್ತ ಸುರು ಆಯ್ತು' ಅಂತ ಅತ್ತಾಳ."

"ಅದಕ್ಕ ತುಪ್ಪ ಹಾಕಿದ್ರಾ?"

"ರೊಟ್ಟಿ ಪದರದಾಗ ತುಪ್ಪ, ಪಲ್ಯದಾಗ ತುಪ್ಪ, ಶೇಂಗಾ ಅರದು ಅದರಾಗೇ. ಮಜ್ಜಿಗಿಯಾಗ ಕೆನಿ ಕಡದು ಹಾಕ್ತಿದ್ಲು. ಉಳದವರಿಗಿ ನಾವು ಹಾಕೋ ಎಣ್ಣಿ ವ್ಯಾಪಾರದ್ದು. ರುಚಿ ಇರಬೇಕಲ್ಲ, ಇಲ್ದಿದ್ರ ಯಾರ್ ಬರ್ತಾರ? ನಿಮ್ದು ವ್ಯಾಪಾರ ಅಲ್ಲ."

ಬೈಯಬೇಕೆಂದು ಬಂದದ್ದು ಮರೆತೇಹೋಯಿತು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದೆ. ಮುದುಕಿ ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ನನ್ನ ಸಕ್ಕರೆಯ ಕತೆಯೆಲ್ಲ ಬಿಡಿಸಿ ಹೇಳಿದೆ. ಆ ರೋಗ ಬೇರೆ, ಇದು ಬೇರೆ. ಇದಕ್ಕೆ ತೂಕ ಇಳಿಯುವುದೇ ಔಷಧ ಎಂದೆ. ಅವರು ಹೂಂ ಎನ್ನುತ್ತಿದ್ದರು. ನನಗೆ ಧೈರ್ಯ ಬಂತು. "ಅವ್ವಾ, ನಾನು ಹೆಂಗ ಉಣ್ಣಬೇಕು ಅಂತ ತೋರಸ್ತೀನಿ," ಎಂದು ಅವರ ಒಲೆಯ ಮೇಲೆಯೇ ನೆನೆಸಿದ ಹೆಸರುಕಾಳು ಬೇಯಿಸಿ, ಒಂದೇ ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು, ಅವರ ಅಂಗೈಗೆ ಹಾಕಿದೆ.

ಅವರು ನೆಕ್ಕಿ ನೋಡಿದರು.

"ಇದು ಅಕಿಗಿ ಕಡೀಕ ಕೊಡ್ತಿದ್ದ ಊಟ," ಎಂದರು. "ಎಣ್ಣಿ ಬ್ಯಾಡ, ಖಾರ ಬ್ಯಾಡ ಅಂದಿದ್ರು ದವಾಖಾನಿಯಾಗ. ಇದೇ ರುಚಿ. ನೀ ಇದನ್ನ ಉಣ್ಣಬ್ಯಾಡ ಮಗಾ."

ಎದ್ದು ಪಾತ್ರೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಅಷ್ಟನ್ನೂ ಚೆಲ್ಲಿದರು. ಬೂದಿ ಹಾಕಿ ತಿಕ್ಕತೊಡಗಿದವರು ನಿಲ್ಲಿಸಲೇ ಇಲ್ಲ. ಅಜ್ಜ ಬಾಗಿಲವರೆಗೆ ಬಂದು, "ಒಂದೀಟು ದಿವಸ ಬರಬ್ಯಾಡ್ರಿ ತಾಯಿ," ಎಂದರು. "ನೀವು ಸಣ್ಣಾಗೂದು ಅಕಿ ಕಣ್ಣಿಗಿ ಬೀಳಬಾರದು."

ಹೋಗಲಿಲ್ಲ. ಮನೆಯಿಂದ ಡಬ್ಬಿ ಕಟ್ಟಿಕೊಂಡು ವ್ಯಾನಿನಲ್ಲೇ, ಆ ಸದ್ದಿಲ್ಲದ ಕೋಣೆಯಲ್ಲಿ ಕುಳಿತು ಉಣ್ಣತೊಡಗಿದೆ. ನನ್ನ ಅಗಿಯುವ ಸದ್ದು ನನಗೇ ಕೇಳಿಸುತ್ತಿತ್ತು. ತೂಕ ಇಳಿಯತೊಡಗಿತು, ಮೊದಲು ನಿಧಾನ, ಆಮೇಲೆ ಸರಸರನೆ. ಡಾಕ್ಟರು ಬೆನ್ನು ತಟ್ಟಿದರು. ಆದರೆ ಶಹಾಬಾದಿನ ಸಂತೆಯಲ್ಲಿ ಕಂಡವರೆಲ್ಲ, "ಯಾಕ್ರಿ, ಆರಾಮ ಇಲ್ಲೇನು?" ಎಂದು ಕೇಳತೊಡಗಿದರು. ಒಂದು ಬೆಳಗ್ಗೆ ಪಾತ್ರೆ ತೊಳೆಯುವಾಗ ಬಳೆಯೊಂದು ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಅಂದೇ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ. ಏನೂ ಇರಲಿಲ್ಲ. ಸಕ್ಕರೆಯೂ ಹಿಂದಕ್ಕೆ ಸರಿದಿತ್ತು. ಆದರೂ ಆ ವಾರವೆಲ್ಲ ತುತ್ತು ಎತ್ತುವಾಗ ಯಾರೋ ಕಿವಿಗೊಟ್ಟು ಕುಳಿತಂತೆ ಅನಿಸುತ್ತಿತ್ತು.

ಮುಂದಿನ ವರ್ಷ ಸೇಡಂನಿಂದ ಮರಳುವಾಗ ಚಿತ್ತಾಪುರದಲ್ಲಿ ವ್ಯಾನಿನ ಟೈರು ಪಂಚರ್ ಆಯಿತು. ಚಾಚಾ ಅದನ್ನು ಹಾಕಿಸಲು ಹೋದರು. ನಾನು ಉರಿಬಿಸಿಲಲ್ಲಿ ನಿಂತವಳು ನಡೆದು ನಡೆದು ಖಾನಾವಳಿಯ ಮುಂದೆ ಬಂದಿದ್ದೆ. ನೋಡಿದರೆ ಹೆದರುತ್ತಾರೇನೋ, ಅಳುತ್ತಾರೇನೋ ಎಂದುಕೊಂಡೇ ಒಳಗೆ ಹೋದೆ. ಅಜ್ಜ ಇರಲಿಲ್ಲ. ಮುದುಕಿಯೇ ಹೊರಗೆ ಬಂದರು. ನನ್ನ ಮುಖವನ್ನೇ ನೋಡಿದರು.

"ಬರ್ರಿ, ಕುಂದ್ರಿ. ಯಾವೂರಾತ್ರಿ?"

ನನಗೆ ಎಂದೂ ಹಾಗೆ 'ರಿ' ಹಚ್ಚಿ ಮಾತಾಡಿದವರಲ್ಲ. ಶಹಾಬಾದ್ ಎಂದೆ. ಮೂಲೆಯ ಜಾಗಕ್ಕೆ ಹೋಗಲು ಹೊರಟೆ. "ಅಲ್ಲಿ ಬ್ಯಾಡ್ರಿ, ಈ ಕಡಿ ಕುಂದ್ರಿ. ಅದು ನಮ್ಮಾಕಿ ಜಾಗ," ಎಂದರು.

ಬೇರೆಲ್ಲರಿಗೆ ಬಡಿಸುವಂತೆ ಬಡಿಸಿದರು. ಪಲ್ಯದ ಮೇಲೆ ವ್ಯಾಪಾರದ ಎಣ್ಣೆ ತೇಲುತ್ತಿತ್ತು. ನಾನು ಒಂದು ರೊಟ್ಟಿ ತಿಂದು ಸಾಕೆಂದೆ. ಅವರು ಒತ್ತಾಯ ಮಾಡಲಿಲ್ಲ. ಎದುರಿಗೆ ಕುಳಿತು, "ವಾಡಿ ಕಡಿ ಹೋಗ್ತಿರ್ತೀರೇನ್ರಿ?" ಎಂದು ಕೇಳಿದರು.

"ಹೋಗ್ತೀನ್ರಿ."

"ಅಲ್ಲಿ ನನ್ನ ಮಗಳು ಇರ್ತಾಳ. ಕಾರ್ಖಾನ್ಯಾಗ ಮಂದಿ ಕಿವಿ ನೋಡ್ತಾಳ. ದುಂಡಗ, ಚಂದ್ರಾಮನಂಗ ಅದಾಳ, ನೋಡಿದ್ರ ಗುರ್ತು ಹತ್ತತದ. ಭಾಳ ದಿನ ಆತು, ಈ ಕಡಿ ಬಂದಿಲ್ಲ. ಸಿಕ್ಕರ ಅವ್ವ ಕರದಾಳಂತ ಹೇಳ್ರಿ."

ನಾನೇ ಆಕೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಟ್ಟಿನ ಚೀಲ ಹೊತ್ತು ಬಾಗಿಲಿಗೆ ಬಂದ ಅಜ್ಜ ನನ್ನನ್ನು ಗುರುತಿಸಿದರು. ಚೀಲ ಇಳಿಸದೆ ಹಾಗೇ ನಿಂತು, ಬೇಡವೆಂದು ತಲೆಯಾಡಿಸಿದರು.

"ಹೇಳ್ತೀನ್ರಿ ಅವ್ವಾರ," ಎಂದೆ.

ಹೊರಡುವಾಗ ಮುದುಕಿ ಒಳಗಿನಿಂದ ಒಂದು ಗಂಟು ತಂದು ಕೈಗಿತ್ತರು. ಬಟ್ಟೆಯಲ್ಲಿ ರೊಟ್ಟಿ, ಡಬ್ಬಿಯಲ್ಲಿ ಪಲ್ಯ. "ಅಕಿಗಿ ಮುಟ್ಟಸ್ರಿ. ದಾರ್ಯಾಗ ನೀವು ತಿನ್ನಬ್ಯಾಡ್ರಿ," ಎಂದು ನಕ್ಕರು. ಡಬ್ಬಿ ಬಿಸಿಯಾಗಿತ್ತು, ಭಾರವಾಗಿತ್ತು.

ಸಂಜೆ ಮನೆಯಲ್ಲಿ ಅದನ್ನು ಬಿಚ್ಚಿದಾಗ ತುಪ್ಪದ ವಾಸನೆ ಓಣಿಯವರೆಗೆ ಹೋಗಿರಬೇಕು. ನನ್ನ ಗಂಡ ಅಂಗಳದಿಂದಲೇ ಕೇಳುತ್ತ ಬಂದರು, "ಯಾರ ಮನಿ ಊಟಾ ಇದು?"

"ಒಬ್ಬಾಕಿಗಿ ಮುಟ್ಟಸಬೇಕಿತ್ರಿ," ಎಂದೆ. "ಅಕಿ ಸಿಗಲಿಲ್ಲ."

ಅವರು ತಾಟು ತಂದಿಟ್ಟರು. ಇಬ್ಬರೂ ಹಂಚಿಕೊಂಡು ಉಂಡೆವು.