ಸರದಿ ಎತ್ತಿದ ಕಂಪ್ಯೂಟರ್

ಕಳೆದ ವರ್ಷ ಮೇ ತಿಂಗಳ ಮೂರನೇ ಭಾನುವಾರ, ಶೃಂಗೇರಿ ತಾಲ್ಲೂಕಿನ ಮೆಣಸೆಯಲ್ಲಿ ಹದಿನೆಂಟು ಅಡಿಕೆ ತೋಟಗಳಿಗೆ ಔಷಧಿ ಹೊಡೆಯುವ ಸರದಿಯನ್ನು ಮೊದಲ ಬಾರಿಗೆ ಚೀಟಿಯ ಬದಲು ಕಂಪ್ಯೂಟರ್ ನಿರ್ಧರಿಸಿತು. ಆ ಸುದ್ದಿಯನ್ನು ಪತ್ರಿಕೆಗೆ ಬರೆದವನು ನಾನು. ನನ್ನ ಅಕ್ಕನ ತೋಟ ಹದಿನೆಂಟನೆಯದಾಗಿ ಬಂದಿತ್ತು.

ಆ ಹದಿನೆಂಟು ಮನೆಗಳಿಗೆ ಅಡಿಕೆ ಮರ ಹತ್ತುವ ಕೊನೆಗಾರರ ತಂಡ ಒಂದೇ. ಅಡ್ಡಗದ್ದೆ ಕಡೆಯ ಮೂವರು ಮರ ಹತ್ತಿ ಗೊನೆಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಹೊಡೆಯುತ್ತಾರೆ. ಮಳೆ ಹಿಡಿಯುವ ಮೊದಲು ಔಷಧಿ ಬಿದ್ದರೆ ಫಸಲು ನಿಲ್ಲುತ್ತದೆ. ತಡವಾದರೆ ಕೊಳೆರೋಗ ಬಂದು ಎಳೆಗಾಯಿ ಉದುರುತ್ತದೆ. ಯಾರ ತೋಟ ಮೊದಲು ಎಂಬುದನ್ನು ತಾಮ್ರದ ತಟ್ಟೆಯಲ್ಲಿ ಚೀಟಿ ಹಾಕಿ ಎತ್ತುವುದು ಅಲ್ಲಿನ ಪದ್ಧತಿ. ಅದಕ್ಕೊಂದು ಕಟ್ಟುಪಾಡೂ ಇದೆ: ಒಮ್ಮೆ ಎತ್ತಿದ್ದನ್ನು ಮತ್ತೆ ಎತ್ತುವಂತಿಲ್ಲ. ಇನ್ನೊಮ್ಮೆ ಎತ್ತಿ ಎಂದರೆ ಎದುರು ಕೂತ ನೆರೆಯವರನ್ನೆಲ್ಲ ಕಳ್ಳರೆಂದು ಕರೆದಂತೆ. ಹಾಗಾಗಿ ಯಾರೂ ಅದನ್ನು ಕೇಳುವುದಿಲ್ಲ.

ಅದರ ಹಿಂದಿನ ವರ್ಷ ಎರಡು ಚೀಟಿ ಒಂದಕ್ಕೊಂದು ಅಂಟಿಕೊಂಡು ಬಂದು ಮಾತಿಗೆ ಮಾತು ಬೆಳೆದಿತ್ತು. ಕಂಪ್ಯೂಟರ್‌ನಲ್ಲಿ ಮಾಡೋಣ ಎಂದವನು ನನ್ನ ಗೆಳೆಯ. ನರಸಿಂಹರಾಜಪುರದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾನೆ. ಮೆಣಸೆ ಅವನ ಹೆಂಡತಿಯ ತವರು. ಮಾವನ ತೋಟವೂ ಆ ಹದಿನೆಂಟರಲ್ಲಿ ಒಂದು. ಕೊಪ್ಪದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ರಜೆಯಲ್ಲಿ ಅವನು ನನ್ನ ಜೊತೆ ಅಕ್ಕನ ಮನೆಗೆ ಬರುತ್ತಿದ್ದ. ಅಕ್ಕ ನನಗೂ ಅವನಿಗೂ ಒಂದೇ ಸಾಲಿನಲ್ಲಿ ಮಣೆ ಹಾಕಿ ಬಡಿಸುತ್ತಿದ್ದಳು, ಇಬ್ಬರನ್ನೂ ತಮ್ಮ ಎಂದೇ ಕರೆಯುತ್ತಿದ್ದಳು. ಕಂಪ್ಯೂಟರ್ ಮಾತು ಬಂದಾಗ ಅವಳು, ‘ಅವನು ಮಾಡ್ತಾನೆ ಅಂದ್ರೆ ಸರಿ ಇರ್ತದೆ ಬಿಡು’ ಎಂದಳು.

ಆ ಭಾನುವಾರ ಅವನು ಲ್ಯಾಪ್‌ಟಾಪನ್ನು ಮಾವನ ಮನೆಯ ಟಿವಿಗೆ ಜೋಡಿಸಿದ. ಎಲ್ಲರ ತೋಟಕ್ಕೂ ಒಂದೊಂದು ನಂಬರ್ ಕೊಟ್ಟು, ಮೊದಲು ಅವನ್ನು ಕ್ರಮವಾಗಿ ತೋರಿಸಲು ಹೊರಟ. ಪರದೆಯ ಮೇಲೆ ಹದಿನೇಳರವರೆಗೆ ಮಾತ್ರ ಬಂತು.

ಹದಿನೆಂಟನೇ ನಂಬರಿನ ಹಿರಿಯರು ಎದ್ದು ನಿಂತರು. ‘ನನ್ನ ತೋಟ ಎಂತ ಆಯ್ತು ಮಾರಾಯ? ನಿನ್ನ ಡಬ್ಬಿ ನುಂಗಿತಾ?’

‘ಇಲ್ಲ ಅಜ್ಜ, ಈ ಪೈಥಾನ್ ಭಾಷೆ ಕೊನೇ ನಂಬರ್ ಲೆಕ್ಕಕ್ಕೆ ತಗೊಳ್ಳಲ್ಲ. ಹದಿನೆಂಟು ಬೇಕಂದ್ರೆ ಹತ್ತೊಂಬತ್ತು ಅಂತ ಬರೀಬೇಕು.’

‘ಹಂಗಾರೆ ನಮ್ಮ ಕೊನೆಗಾರನ ತರನೇ. ಹತ್ತೊಂಬತ್ತು ಸಲ ಕರೆದ್ರೆ ಹದಿನೆಂಟು ಸಲ ಬರ್ತಾನೆ.’

ಮೂಲೆಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತಿದ್ದ ಕೊನೆಗಾರನೂ ನಕ್ಕ. ಗೆಳೆಯ ತಪ್ಪನ್ನು ಎಲ್ಲರೆದುರೇ ತಿದ್ದಿದ. ಹಾಗೆ ತಿದ್ದಿದ್ದರಿಂದಲೇ ಅವನ ಮೇಲಿನ ನಂಬಿಕೆ ಹೆಚ್ಚಿತು. ಆಮೇಲೆ, ‘ಈಗ ಇದೇ ನಂಬರುಗಳನ್ನ ಕಲೆಸ್ತದೆ. ಕಂಪ್ಯೂಟರ್‌ಗೆ ನೆಂಟರಿಲ್ಲ, ಇಷ್ಟರಿಲ್ಲ’ ಎಂದು ಒಂದು ಕೀಲಿ ಒತ್ತಿದ. ಹೊಸ ಸಾಲು ಬಂತು. ಅವನ ಮಾವನ ತೋಟ ಮೊದಲು, ಅಕ್ಕನದು ಕೊನೆಗೆ. ಎಲ್ಲರೂ ಅಕ್ಕನ ಕಡೆ ನೋಡಿದರು. ಅವಳು, ‘ಬಂದದ್ದು ಬಂತು’ ಎಂದು ಕಾಫಿ ಲೋಟ ಎತ್ತಿಡಲು ಒಳಗೆ ಹೋದಳು. ಇನ್ನೊಮ್ಮೆ ಒತ್ತು ಎಂದು ಒಬ್ಬರೂ ಹೇಳಲಿಲ್ಲ. ಎತ್ತಿದ್ದನ್ನು ಮತ್ತೆ ಎತ್ತುವಂತಿರಲಿಲ್ಲ. ಹೊರಡುವಾಗ ಅವನು ಆ ಪ್ರೋಗ್ರಾಮಿನ ಫೈಲನ್ನು ನನ್ನ ಫೋನಿಗೆ ಕಳಿಸಿ, ಸುದ್ದಿಗೆ ಬೇಕಾದರೆ ಇಟ್ಟುಕೋ ಎಂದ. ನಾನು ಬರೆದ ವರದಿಯಲ್ಲಿ ‘ಪಾರದರ್ಶಕ’ ಎಂಬ ಪದವಿತ್ತು.

ಅಕ್ಕನ ಸರದಿ ಬರುವ ಮೊದಲೇ ಮಳೆ ಹಿಡಿಯಿತು. ಒದ್ದೆ ಮರ ಹತ್ತಲು ಕೊನೆಗಾರರು ಒಪ್ಪಲಿಲ್ಲ. ಅದು ಸರಿಯೂ ಆಗಿತ್ತು. ಮಳೆ ಬಿಟ್ಟು ಹೊಳವಾಗಿ ಔಷಧಿ ಬೀಳುವಷ್ಟರಲ್ಲಿ ಮೇಲಿನ ತುಂಡು ತೋಟಕ್ಕೆ ಕೊಳೆ ಹತ್ತಿತ್ತು. ಉದುರಿದ ಕಾಯಿಗಳನ್ನು ಅಕ್ಕ ಬುಟ್ಟಿಯಲ್ಲಿ ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕುವುದನ್ನು ನಾನು ನೋಡಿದ್ದೇನೆ. ಆಗ ಗೆಳೆಯನೂ ಬಂದಿದ್ದ. ‘ಛೇ, ನಿಮ್ಮ ನಂಬರೇ ಕೊನೆಗೆ ಬರಬೇಕಿತ್ತಾ ಅಕ್ಕ’ ಎಂದು ಅವನೂ ನಾಲ್ಕು ಬುಟ್ಟಿ ಹೊತ್ತ.

ಈ ವರ್ಷದ ಆರಂಭದಲ್ಲಿ ಪತ್ರಿಕೆಯವರು ತಾಲ್ಲೂಕು ವರದಿಗಾರರಿಗೆಲ್ಲ ಅಂಕಿಅಂಶ ವಿಂಗಡಿಸಲು ಬೇಕಾಗುವಷ್ಟು ಪೈಥಾನ್ ಕಲಿಸಿದರು. ಆನ್‌ಲೈನ್ ತರಗತಿ. ಒಂದು ಪಾಠ ಅಡ್ಡಾದಿಡ್ಡಿ ಸಂಖ್ಯೆಗಳ ಪಟ್ಟಿ ಮಾಡುವುದರ ಬಗ್ಗೆ. ಕಂಪ್ಯೂಟರ್ ಈ ಸಂಖ್ಯೆಗಳನ್ನು ಒಂದು ಆರಂಭದ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆಯುತ್ತದೆ, ಅದಕ್ಕೆ ಸೀಡ್ ಎನ್ನುತ್ತಾರೆ ಎಂದು ಕಲಿಸುವಾಕೆ ಹೇಳಿದರು. ನಾವು ಏನೂ ಕೊಡದಿದ್ದರೆ ಪ್ರತಿ ಸಲ ಬೇರೆ ಸಾಲು ಬರುತ್ತದೆ. ಸೀಡ್ ನಾವೇ ಕೊಟ್ಟರೆ ಎಷ್ಟು ಸಲ ಒತ್ತಿದರೂ ಅದೇ ಸಾಲು. ಪ್ರೋಗ್ರಾಂ ಪರೀಕ್ಷಿಸುವವರಿಗೆ ಅದು ಉಪಯೋಗಕ್ಕೆ ಬರುತ್ತದಂತೆ.

ಅಭ್ಯಾಸಕ್ಕೆಂದು ನಾನು ಗೆಳೆಯನ ಫೈಲನ್ನೇ ತೆರೆದೆ. ಎರಡನೇ ಸಾಲಿನಲ್ಲಿ ಸೀಡ್ ಇತ್ತು: ನಾನೂರ ಹನ್ನೆರಡು. ಒತ್ತಿದೆ. ಅವನ ಮಾವ ಮೊದಲು, ಅಕ್ಕ ಕೊನೆಗೆ. ಮತ್ತೆ ಒತ್ತಿದೆ. ಅದೇ. ಅವನು ಬೇರೆ ಯಾವುದೋ ಕಾರಣಕ್ಕೆ ಆ ಸಂಖ್ಯೆ ಹಾಕಿರಬಹುದು ಎಂದುಕೊಂಡು ಒಂದರಿಂದ ಶುರು ಮಾಡಿ ಎಲ್ಲ ಸೀಡ್‌ಗಳನ್ನೂ ಹಾಕಿ ನೋಡುವಂತೆ ಪ್ರೋಗ್ರಾಂ ಬರೆದೆ. ಅವರಿಬ್ಬರೂ ಆ ಎರಡು ಜಾಗಕ್ಕೆ ಒಟ್ಟಿಗೆ ಬೀಳುವ ಮೊದಲ ಸಂಖ್ಯೆ ನಾನೂರ ಹನ್ನೆರಡೇ ಆಗಿತ್ತು. ಅವನೂ ಹೀಗೇ ಹುಡುಕಿ ಅದನ್ನು ಆರಿಸಿದ್ದ.

ಮರುದಿನ ಬಾಳೆಹೊನ್ನೂರಿನ ಮೇಲೆ ನರಸಿಂಹರಾಜಪುರಕ್ಕೆ ಹೋದೆ. ತರಗತಿ ಮುಗಿದು ಅವನೊಬ್ಬನೇ ಇದ್ದ. ಫೋನಿನಲ್ಲಿ ಆ ಸಾಲನ್ನು ತೋರಿಸಿದೆ.

‘ಓದೋಕೆ ಕಲ್ತ್ಯಾ?’ ಎಂದ.

‘ಮಾವನ್ನ ಮೊದಲು ಹಾಕಿದ್ದು ಅರ್ಥ ಆಯ್ತು. ಅಕ್ಕನ್ನ ಯಾಕೆ ಕೊನೆಗೆ ಹಾಕ್ದೆ?’

ಅವನು ಕೀಲಿಮಣೆಯ ಧೂಳು ಒರೆಸಿದ. ‘ಯಾರಾದ್ರೂ ಕೊನೆಗೆ ಬರ್ಲೇಬೇಕಲ್ಲ ಮಾರಾಯ. ಬೇರೆಯವರು ಬಂದಿದ್ರೆ ನನ್ನ ಮಾವನ ಮೇಲೆ ಗುಮಾನಿ ಬೀಳ್ತಿತ್ತು. ಪೇಪರಿನವನ ಅಕ್ಕನೇ ಕೊನೆಗೆ ಬಂದ್ರೆ ಯಾರು ಅನುಮಾನ ಪಡ್ತಾರೆ? ಅಕ್ಕನೂ ಏನೂ ಅನ್ನಲ್ಲ ಅಂತ ಗೊತ್ತಿತ್ತು.’

‘ಫೈಲ್ ಯಾಕೆ ಕೊಟ್ಟೆ?’

‘ನೀನು ತೆಗೆದು ನೋಡೋನಲ್ಲ ಅಂತ.’

ಅಕ್ಕನಿಗೆ ಹೇಳಿದೆ. ಅವಳು ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಬುಟ್ಟಿ ಹೊತ್ತನಲ್ಲ, ಆವಾಗ ಬೆಲ್ಲದ ಪಾನಕ ಮಾಡಿ ಕೊಟ್ಟಿದ್ದೆ’ ಎಂದಳು.

ಈ ಮೇ ತಿಂಗಳ ಸಭೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಅದೇ ಫೈಲನ್ನು ಎಲ್ಲರೆದುರು ಮೂರು ಸಲ ಒತ್ತಿ ತೋರಿಸಿದೆ. ಗೆಳೆಯ ಬಂದಿರಲಿಲ್ಲ. ಅವನ ಮಾವ, ತನಗೆ ಗೊತ್ತಿರಲಿಲ್ಲ ಎಂದು ಹೇಳಿ ಎದ್ದು ಹೋದರು. ಈ ಸಲ ಅಕ್ಕನಿಗೆ ಮೊದಲ ಸರದಿ ಕೊಡಬೇಕೆಂದು ನಾನು ಕೇಳಿದೆ.

ಹೋದ ವರ್ಷ ತೋಟ ಕಾಣೆಯಾಗಿತ್ತೆಂದು ತಮಾಷೆ ಮಾಡಿದ ಹಿರಿಯರೇ ಉತ್ತರ ಕೊಟ್ಟರು. ‘ಮೋಸ ಆದದ್ದು ಹೌದು. ಆದ್ರೆ ಕೇಳಿ ತಗೊಳ್ಳೋ ಸರದಿ ಇಲ್ಲಿಲ್ಲ. ಒಬ್ಬರಿಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ.’

ಅಕ್ಕ, ‘ತಟ್ಟೆ ತನ್ನಿ’ ಎಂದಳು.

ಚೀಟಿ ಎತ್ತಿದರು. ಅವಳ ತೋಟ ಹದಿನೈದನೆಯದಾಗಿ ಬಂತು. ದಾರಿಯಲ್ಲಿ ನನ್ನ ಕಡೆ ತಿರುಗಿ, ‘ಇದಕ್ಕೆ ನಂಗೆ ಬೇಜಾರಿಲ್ಲ. ನೀನು ಮುಖ ಹಂಗೆ ಮಾಡ್ಬೇಡ’ ಎಂದಳು.

ಮುಂಗಾರು ನಿನ್ನೆ ಸಂಜೆ ಹಿಡಿದಿದೆ. ಆ ಹೊತ್ತಿಗೆ ಕೊನೆಗಾರರು ಹನ್ನೊಂದನೇ ತೋಟದ ಅರ್ಧ ಮುಗಿಸಿ ಕೆಲಸ ನಿಲ್ಲಿಸಿದ್ದಾರೆ.