ಟಯರ್ ರೂಮಿನ ಬೀಗದ ಕೈ

ನನ್ನ ಚಿಕ್ಕಮ್ಮ ಹತ್ತೊಂಬತ್ತು ವರ್ಷದಿಂದ ಬಸ್ ಕಂಡಕ್ಟರ್. ಬೆಳಿಗ್ಗೆ ಐದೂವರೆಗೆ ನೀರಿನ ಬಾಟಲಿ ತುಂಬಿಸಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಅದು ತುಂಬಿದ ಹಾಗೆಯೇ ವಾಪಸ್ ಬರುತ್ತಿತ್ತು. ಅವಳಿಗೆ ಬಾಯಾರಿಕೆಯೇ ಆಗುವುದಿಲ್ಲ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಅವಳ ರೂಟಿನ ಕೊನೆಯ ನಿಲ್ದಾಣದಲ್ಲಿ ಶೌಚಾಲಯವಿಲ್ಲ. ಗಂಡಸರು ಗೋಡೆಯ ಹಿಂದೆ ಹೋಗುತ್ತಾರೆ. ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಗಾಗ ತುಟಿ ಒದ್ದೆ ಮಾಡಿಕೊಳ್ಳುತ್ತಾರೆ, ಅಷ್ಟೆ. ಹೊಸದಾಗಿ ಸೇರಿದವಳಿಗೆ ಟಿಕೆಟ್ ಹರಿಯುವುದಕ್ಕೂ ಮುಂಚೆ ಹಳಬರು ಕಲಿಸುವ ಪಾಠ ಇದು.

ಹೋದ ವರ್ಷ ಅವಳ ಕಿಡ್ನಿಯಲ್ಲಿ ಕಲ್ಲುಗಳಾದವು. ಹೀಗೇ ನೀರು ಕುಡಿಯದಿದ್ದರೆ ಕಿಡ್ನಿಯೇ ಹೋಗುತ್ತದೆ ಎಂದರು ಡಾಕ್ಟರು. ಚಿಕ್ಕಮ್ಮ ಕಚೇರಿಗೆ ಅರ್ಜಿ ಬರೆದಳು. ನಾಲ್ಕನೆಯ ಅರ್ಜಿಗೆ ಒಂದೇ ಪದದ ಉತ್ತರ ಬಂತು: “ಸ್ಥಳಾವಕಾಶವಿಲ್ಲ.” ಆ ಕಾಗದವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಬರೆದವರು ಪಕ್ಕದ ಶೌಚಾಲಯಕ್ಕೆ ಹೋಗಿ ಬಂದು, ಕೈ ಒರೆಸಿಕೊಂಡು, ನೆಮ್ಮದಿಯಾಗಿ ಬರೆದಿರಬೇಕು.

ಆಮೇಲೆ ಮುಷ್ಕರ ಶುರುವಾಯಿತು. ಬೇಡಿಕೆ ಎರಡೇ: ಕೊನೆಯ ನಿಲ್ದಾಣದಲ್ಲಿ ಶೌಚಾಲಯ, ಟ್ರಿಪ್ಪಿನ ನಡುವೆ ಹತ್ತು ನಿಮಿಷ ಬಿಡುವು.

ಅಮ್ಮ ಆಸ್ಪತ್ರೆಯೊಂದರಲ್ಲಿ ಕ್ಲೀನರ್. ದಿನವೂ ತಂಗಿಯ ರೂಟಿನ ಬಸ್ಸಿನಲ್ಲೇ ಹೋಗುವವಳು. ಮೊದಲ ದಿನ ಎರಡು ಗಂಟೆ ನಡೆದು ಹೋದಳು, ಎರಡು ಗಂಟೆ ನಡೆದು ಬಂದಳು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಚಿಕ್ಕಮ್ಮನನ್ನು ನೋಡಿದಳು.

“ನಿಮ್ಮ ಸ್ಟ್ರೈಕಿಗೆ ನನ್ನ ಕಾಲೇ ಬೇಕಿತ್ತೇನೇ? ಅರ್ಧ ಗಂಟೆ ಲೇಟಾಯ್ತು ಅಂತ ಗೈರು ಹಾಕಿದ್ರು. ಮೂರು ಗೈರು ಬಿದ್ರೆ ಮೆಮೊ.”

“ನಾನೇನು ಮಾಡ್ಲಿ ಅಕ್ಕ.”

“ನಾಳೆ ಡ್ಯೂಟಿಗೆ ಹೋಗು. ಹತ್ತೊಂಬತ್ತು ವರ್ಷ ತಡ್ಕೊಂಡೋಳಿಗೆ ಇನ್ನೊಂದು ವರ್ಷ ದೊಡ್ಡದಾ?”

“ನೀನು ತಡ್ಕೊಂಡು ತೋರ್ಸು. ಒಂದೇ ಒಂದು ಶಿಫ್ಟು.”

ಆ ರಾತ್ರಿ ಇಬ್ಬರೂ ಗೋಡೆಗೆ ಮುಖ ಮಾಡಿ ಮಲಗಿದರು. ಎರಡನೆಯ ದಿನವೂ ಅಮ್ಮನಿಗೆ ಗೈರು ಬಿತ್ತು.

ಅಮ್ಮನ ಕೋಪ ಸುಳ್ಳಲ್ಲ, ಅದನ್ನೂ ಬರೆಯಬೇಕು. ಕಣ್ಣಿನ ಆಪರೇಷನ್ ಆಗಿದ್ದ ಮುದುಕರೊಬ್ಬರು ಪಟ್ಟಿ ಬಿಚ್ಚಿಸಿಕೊಳ್ಳಲು ಆಸ್ಪತ್ರೆಗೆ ಹೊರಟು, ಬಸ್ಸಿಲ್ಲದೆ ಮಧ್ಯಾಹ್ನದವರೆಗೂ ನಮ್ಮ ಸ್ಟಾಪಿನಲ್ಲಿ ಕೂತಿದ್ದನ್ನು ನಾನೇ ನೋಡಿದೆ. ಅವರು ಬೈದದ್ದು ಕಂಡಕ್ಟರುಗಳನ್ನು. ನಾಲ್ಕು ಅರ್ಜಿಗಳ ಕಥೆ ಅವರಿಗೆ ಯಾರು ಹೇಳಬೇಕು? ಬೈಯಲು ಕೈಗೆ ಸಿಗುವುದು ಖಾಕಿ ಅಂಗಿ. “ಸ್ಥಳಾವಕಾಶವಿಲ್ಲ” ಎಂದು ಬರೆದವರ ಮುಖ ಯಾವ ಸ್ಟಾಪಿನಲ್ಲೂ ಕಾಣುವುದಿಲ್ಲ. ಅವರು ಬಸ್ಸಿಗೆ ಕಾಯುವವರೇ ಅಲ್ಲ.

ಮೂರನೆಯ ದಿನ ಅಮ್ಮ ನಸುಕಿನಲ್ಲೇ ಹೊರಟು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದಳು. ವಾಪಸ್ ಬರುವಾಗ ಚಿಕ್ಕಮ್ಮನ ಕೊನೆಯ ನಿಲ್ದಾಣದ ಹತ್ತಿರ ಅವಳಿಗೆ ತಡೆಯಲಾಗಲಿಲ್ಲ. ಅಲ್ಲಿ ಬಸ್ಸುಗಳ ಸಮಯ ಬರೆದುಕೊಳ್ಳುವ ಕಂಟ್ರೋಲರ್ ಒಬ್ಬನೇ ಕೂತಿದ್ದ. ಅವಳು ಯಾರ ಅಕ್ಕ ಎಂದು ಅವನಿಗೆ ಗೊತ್ತಿರಲಿಲ್ಲ. ಕನಿಕರಪಟ್ಟು ಡ್ರಾಯರಿನಿಂದ ಬೀಗದ ಕೈ ತೆಗೆದುಕೊಟ್ಟು, “ಟಯರ್ ರೂಮ್” ಎಂದು ಬರೆದ ಬಾಗಿಲು ತೋರಿಸಿದ.

“ಒಳಗೆ ಒಂದು ಟಯರೂ ಇಲ್ಲ ಕಣೇ,” ಎಂದಳು ಅಮ್ಮ, ಮನೆಗೆ ಬಂದು. “ಟೈಲ್ಸು, ಕನ್ನಡಿ, ಸೋಪು. ಯಾವ ಬಾತ್‌ರೂಮಿಗೆ ಎಷ್ಟು ಜನ ಹೋಗ್ತಾರೆ ಅಂತ ನೆಲ ನೋಡಿದ್ರೇ ನಂಗೆ ಗೊತ್ತಾಗುತ್ತೆ. ಅದಕ್ಕೆ ವಾರಕ್ಕೊಬ್ಬರು ಹೋದ್ರೆ ಹೆಚ್ಚು. ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬಂದಾಗ ಬೇಕಂತೆ. ಕಂಡಕ್ಟರುಗಳಿಗೆ ಹೇಳ್ಬೇಡಿ ಅಂದ.”

ಹತ್ತೊಂಬತ್ತು ವರ್ಷ ಚಿಕ್ಕಮ್ಮ ಆ ಬಾಗಿಲಿಗೆ ಒರಗಿ ನಿಂತು ಟಿಕೆಟ್ ಲೆಕ್ಕ ಬರೆದಿದ್ದಳು.

ಕರವಸ್ತ್ರ ತೆಗೆಯಲು ಅಮ್ಮ ಯೂನಿಫಾರ್ಮಿನ ಜೇಬಿಗೆ ಕೈ ಹಾಕಿದಾಗ ಬೀಗದ ಕೈ ಕೆಳಗೆ ಬಿತ್ತು. ಆಸ್ಪತ್ರೆಯಲ್ಲಿ ಬಾತ್‌ರೂಮಿಗೆ ಬೀಗ ಜಡಿದ ಕೂಡಲೇ ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುವುದು ಅವಳ ಅಭ್ಯಾಸ. ಅಲ್ಲೂ ಹಾಗೇ ಮಾಡಿ ನಡೆದುಬಂದಿದ್ದಳು.

“ವಾಪಸ್ ಕೊಡ್ಬೇಕಲ್ಲಮ್ಮ,” ಎಂದೆ.

“ಕೊಡೋಣ. ಯಾರ ಕೈಗೆ ಕೊಡ್ಬೇಕೋ ಅವರ ಕೈಗೇ ಕೊಡೋಣ.”

ಮರುದಿನ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ಗೈರು ಎಂದು ಗೊತ್ತಿದ್ದೂ ತಂಗಿಯ ಜೊತೆ ಸಾಹೇಬರ ಕಚೇರಿಗೆ, ಮುಷ್ಕರದ ಮಾತುಕತೆಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ. ಸಾಹೇಬರು ಮತ್ತೆ ಸ್ಥಳಾವಕಾಶವಿಲ್ಲ ಎಂದರು. ಚಿಕ್ಕಮ್ಮ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

“ಇದು ಟಯರ್ ರೂಮಿಂದು ಸರ್. ಒಳಗಿರೋ ಟಯರೆಲ್ಲ ನಾನೇ ತಲೆ ಮೇಲೆ ಹೊತ್ತು ಆಚೆ ಹಾಕ್ತೀನಿ. ಆಮೇಲೆ ಜಾಗ ಆಗುತ್ತಲ್ವಾ?”

ಸಾಹೇಬರು ಪಕ್ಕದಲ್ಲಿ ನಿಂತಿದ್ದ ಕಂಟ್ರೋಲರನನ್ನು ನೋಡಿದರು. ಕಂಟ್ರೋಲರ್ ಫ್ಯಾನ್ ನೋಡಿದ.

ಸಂಜೆಗೆ ಮುಷ್ಕರ ಮುಗಿಯಿತು. ಬಾಗಿಲು ತೆರೆಯಿತು. ಹತ್ತು ನಿಮಿಷದ ಬಿಡುವನ್ನು ಮಾತ್ರ “ಪರಿಶೀಲಿಸಲಾಗುವುದು” ಅಂತೆ.

ಮರುದಿನ ಮೊದಲ ಟ್ರಿಪ್ಪಿನಲ್ಲೇ ಪ್ರಯಾಣಿಕರೊಬ್ಬರು ಕೇಳಿದರಂತೆ, “ನಾಲ್ಕು ದಿನ ಮಜಾ ಮಾಡಿದ್ರಾ ಮೇಡಂ?”

“ಹೂಂ, ಹೊಟ್ಟೆ ತುಂಬ ನೀರು ಕುಡಿದ್ವಿ,” ಎಂದಳಂತೆ ಚಿಕ್ಕಮ್ಮ.

ಅಂದು ಮೂರು ಗಂಟೆಗೆ ಬಾಟಲಿ ಖಾಲಿಯಾಗಿ ಬಂತು. ಅಮ್ಮನ ಕೈಗೂ ಅಂದೇ ಮೆಮೊ ಬಂತು. ಬಸ್ಸಿಲ್ಲದ ದಿನ ನಡೆದು ಬಂದವಳಿಗೆ ಗೈರು ಹಾಕಿದವರನ್ನು ಯಾರೂ ಬೈದಿಲ್ಲ. ಚಿಕ್ಕಮ್ಮ ಮೆಮೊವನ್ನು ಎರಡು ಸಲ ಓದಿ, ಮಡಚಿ, ತನ್ನ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡಳು.

“ನಾಳೆ ನನ್ನ ಶಿಫ್ಟು ಮುಗಿಯೋದು ಮೂರಕ್ಕೆ. ನಿಮ್ಮ ಸೂಪರ್‌ವೈಸರ್ ಎಷ್ಟು ಹೊತ್ತಿನ ತನಕ ಇರ್ತಾನಕ್ಕ?”