ಕತ್ತಲಕ್ಕನ ನಾಲ್ಕು ನಿಮಿಷ

ತಾರಾಲಯದಲ್ಲಿ ಇಪ್ಪತ್ತಾರು ವರ್ಷ ಗುಮ್ಮಟದ ಮೇಲೆ ಆಕಾಶ ಮೂಡಿಸುವ ಯಂತ್ರ ನಡೆಸಿದವಳಿಗೆ ಕತ್ತಲಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ‘ಮೊದಲ ನಕ್ಷತ್ರಗಳು’ ಎಂಬ ಪ್ರದರ್ಶನದ ಆರಂಭಕ್ಕೆ ನಾಲ್ಕು ನಿಮಿಷ ಪೂರಾ ಕತ್ತಲೆ ಇಟ್ಟವಳು ಅವಳೇ. ವಿಶ್ವ ಹುಟ್ಟಿದ ಮೇಲೂ ಕೋಟ್ಯಂತರ ವರ್ಷ ಇದ್ದದ್ದು ಬರೀ ಜಲಜನಕ, ಹೀಲಿಯಂ. ಆ ಅನಿಲ ತನ್ನ ಭಾರಕ್ಕೆ ತಾನೇ ಕುಸಿದು ಹೊತ್ತಿಕೊಂಡದ್ದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಜನ ಮೊದಲು ಕತ್ತಲೆಯಲ್ಲಿ ಕೂರಬೇಕು ಎಂಬುದು ಅವಳ ಹಟ. ‘ಹಾಡಹಗಲೇ ಕತ್ತಲೆ ಮಾರೋ ಕೆಲಸ’ ಎಂದು ಗಂಡ ಛೇಡಿಸುತ್ತಿದ್ದ.

ಹೊಸ ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. ಆ ಮಹಾನುಭಾವರ ಖಗೋಳಜ್ಞಾನ ಗೋಡೆಯ ಮೇಲಿನ ಪ್ರಮಾಣಪತ್ರ ದಾಟಿ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

“ಏನೂ ಕಾಣದೆ ಕೂತ್ರೆ ಜನ ಗೊರಕೆ ಹೊಡೀತಾರಮ್ಮ. ಕತ್ತಲೆ ಇರ್ಬೇಕೋ ಬೇಡ್ವೋ ಸಮಿತಿಯವ್ರೇ ನೋಡಿ ಹೇಳ್ಲಿ. ಅವತ್ತು ಯಂತ್ರ ನಾನೇ ನಡೆಸ್ತೀನಿ.”

“ಆಗ್ಲಿ ಸಾರ್.”

ಒಂದು ಮಾತನ್ನು ಅವಳು ಹೇಳಲಿಲ್ಲ. ದೀಪ ಆರಿದೊಡನೆ ಆ ಹಳೇ ಯಂತ್ರ ತಾನಾಗಿ ಇಂದಿನ ಆಕಾಶವನ್ನು ಗುಮ್ಮಟಕ್ಕೆ ಬಿಡುತ್ತದೆ. ಅದು ಬಾರದಂತೆ ನಾಲ್ಕು ನಿಮಿಷವೂ ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕು. ಅವಳ ಹೆಬ್ಬೆರಳು ಅದಕ್ಕೇ ಜಡ್ಡುಗಟ್ಟಿತ್ತು. ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಯಂತ್ರದವಳನ್ನು ಕೇಳಿದರೆ ನಿರ್ದೇಶಕರ ಘನತೆಗೆ ಕುಂದಲ್ಲವೇ?

ಸಮಿತಿ ಬಂತು. ಐದು ಜನ, ಐವರಿಗೂ ಅವಸರ. ಕತ್ತಲಕ್ಕ ಕಸ ಗುಡಿಸುವವಳ ಪಕ್ಕ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಳು. ದೀಪ ಆರಿತು. ಗುಮ್ಮಟದ ತುಂಬ ಸಾವಿರಾರು ಚುಕ್ಕಿಗಳು ಬೆಳಗಿದವು. ನಿರ್ದೇಶಕರು ಹಾಳೆಯಿಂದ ತಲೆಯೆತ್ತದೆ, “ಆಗ ವಿಶ್ವದಲ್ಲಿ ಒಂದೇ ಒಂದು ನಕ್ಷತ್ರವೂ ಇರಲಿಲ್ಲ” ಎಂದು ಗಂಭೀರವಾಗಿ ಓದಿದರು.

“ಅಕ್ಕಾ, ಮೇಲೆ ಇಷ್ಟೊಂದಿವೆಯಲ್ಲ?” ಪಕ್ಕದವಳು ಪಿಸುಗುಟ್ಟಿದಳು.

“ಸುಮ್ನಿರು. ಈಗ ಸಾಹೇಬ್ರ ಮಾನ ಹೋಗುತ್ತೆ ನೋಡು.”

ಹೋಗಲಿಲ್ಲ. ಮೊದಲ ದೈತ್ಯ ನಕ್ಷತ್ರಗಳು ಬೇಗ ಉರಿದು ಸಿಡಿದವು, ಇಂಗಾಲ, ಆಮ್ಲಜನಕಗಳನ್ನು ಚೆಲ್ಲಿದವು, ನಮ್ಮ ರಕ್ತದ ಕಬ್ಬಿಣವೂ ಅಂಥ ಬೆಂಕಿಯಲ್ಲಿ ಬೆಂದದ್ದೇ ಎಂದು ಅವರು ಓದುತ್ತಲೇ ಹೋದರು, ಸಮಿತಿ ತಲೆದೂಗುತ್ತಲೇ ಹೋಯಿತು. ಕೊನೆಗೆ ಅಧ್ಯಕ್ಷರು, “ಶುರುವಿಂದ್ಲೇ ನಕ್ಷತ್ರ, ಎಷ್ಟು ಚೆನ್ನಾಗಿದೆ. ಹೀಗೇ ಇರ್ಲಿ, ಕತ್ತಲೆ ಯಾಕೆ ಬೇಕು?” ಎಂದರು. ಐದು ಸಹಿಗಳೂ ಅಲ್ಲೇ ಬಿದ್ದವು.

ಕಸ ಗುಡಿಸುವವಳು ಪೊರಕೆ ಎತ್ತಿಕೊಂಡಳು. “ದಿನಾ ನೀವು ಗುಂಡಿ ಹಿಡಿಯೋದು ನೋಡಿದ್ದೀನಿ ಅಕ್ಕಾ. ಎದ್ದು ಹೋಗಿ ಒತ್ತಬಹುದಿತ್ತು.”

ಹತ್ತೇ ಹೆಜ್ಜೆ. ಒಬ್ಬರ ಮುಖಕ್ಕೆ ಮಸಿ ಬೀಳುವುದನ್ನು ನೋಡುವ ಆಸೆಗೆ ಅವಳು ಅಲ್ಲಾಡದೆ ಕೂತಿದ್ದಳು. ಆ ಆರು ಜನ ದಡ್ಡರನ್ನು ಮನಸಾರೆ ಬೈದುಕೊಳ್ಳುತ್ತ ಮೆಟ್ಟಿಲಿಳಿದಳು. ಏಳನೆಯವಳ ಸರದಿ ಬಂದಾಗ ತನ್ನ ಹೆಬ್ಬೆರಳಿನ ಜಡ್ಡನ್ನು ಸವರಿಕೊಂಡಳು.